ಏಕಾದಶಿಯ ದಿನ ಏರಿದ ಬೆಟ್ಟ

ಮಳೆಗಾಲ ಮುಗಿದು ಬಿಸಿಲು ಗಟ್ಟಿಯಾದೊಡನೆ ನಮ್ಮ ಮನೆಯ ಅಟ್ಟದಲ್ಲಿರುವುದೆಲ್ಲ ಅಂಗಳಕ್ಕೆ ಇಳಿದು ಬರುತ್ತದೆ. ಹಾಸಿಗೆ, ಕಂಬಳಿ, ಪೆಟ್ಟಿಗೆಯೊಳಗಿನ ಹಳೆಯ ಪುಸ್ತಕಗಳು, ಉಪ್ಪಿನಕಾಯಿಯ ಖಾಲಿ ಭರಣಿಗಳು, ಎಲ್ಲವೂ ಎರಡು ದಿನ ಸೂರ್ಯನಾರಾಯಣನ ದರ್ಶನ ಪಡೆದು ಮತ್ತೆ ಅಟ್ಟ ಸೇರುತ್ತವೆ. ಈ ವರ್ಷ ಆ ಮೆರವಣಿಗೆಯಲ್ಲಿ ಹೊಸಬನೊಬ್ಬನಿದ್ದ: ಕಡುನೀಲಿ ಬಣ್ಣದ, ಬೆನ್ನಿಗೆ ಹಾಕುವ ಬ್ಯಾಗು. ನನ್ನ ಪತ್ನಿ ಜಾನಕಿ ಅದರ ಜಿಪ್ಪು ಎಳೆದು, ತಲೆಕೆಳಗು ಮಾಡಿ ಕೊಡವಿದಳು. ಒಣಹುಲ್ಲಿನ ನಾಲ್ಕು ಕಡ್ಡಿಗಳು ಬಿದ್ದವು. ಅವುಗಳೊಡನೆ ಒಂದು ಪರಿಮಳವೂ ಬಂತು. ಬಿಸಿಲಿಗೆ ಕಾದ ಹುಲ್ಲು, ಅದರಡಿಯ ತಣ್ಣನೆಯ ಮಣ್ಣು, ಮೂವರು ಮುದುಕರ ಬೆವರು, ಇವೆಲ್ಲ ಸೇರಿದ ಪರಿಮಳ.

"ತೊಳೆದು ಇಟ್ಟಿದ್ದೇನೆ ಅಂತ ಹೇಳಿದ್ದಿರಲ್ಲ ಹೋದ ವರ್ಷ?" ಎಂದಳು.

"ತೊಳೆದಿದ್ದೇನೆ."

"ನೀರು ತೋರಿಸಿದ್ದೀರಿ. ಅದಕ್ಕೆ ತೊಳೆಯುವುದು ಅಂತ ಹೇಳುವುದಿಲ್ಲ."

ಆ ಪರಿಮಳ ನನ್ನನ್ನು ಅಷ್ಟರಲ್ಲೇ ಎಳೆದುಕೊಂಡು ಹೋಗಿಯಾಗಿತ್ತು. ಓದುಗ ಮಹಾಶಯರೇ, ತಮಗೆ ಬಿಡುವಿದ್ದರೆ ತಾವೂ ನನ್ನ ಜೊತೆ ಬರಬಹುದು. ದಾರಿ ಕಡಿದು, ಆದರೆ ನಾನು ನಿಧಾನವಾಗಿ ನಡೆಯುವವನು, ತಮಗೆ ಏದುಸಿರು ಬಾರದು.

ಮೊದಲು ಸಂಗಡಿಗರ ಪರಿಚಯ. ನಾವು ಮೂವರೂ ಒಂದೇ ಹೈಸ್ಕೂಲಿನ ಒಂದೇ ಬೆಂಚಿನವರು. ಮಟ್ಟುವಿನಲ್ಲಿ ಆಗ ನಮ್ಮ ಮನೆ, ಗುಳ್ಳಬದನೆಯ ಗದ್ದೆಗಳ ಬದಿಯಲ್ಲಿ. ನಾನು ಸಂಸ್ಕೃತ ಓದಿ, ಅದನ್ನೇ ಕಲಿಸಿ, ಈಗ ಉಡುಪಿಯಲ್ಲಿ ನಿವೃತ್ತನಾಗಿದ್ದೇನೆ. ನರಹರಿ ಪೈ ಶಾಲೆ ಮುಗಿಸಿದವನೇ ಕಾರ್ಕಳದ ಸೋದರಮಾವನ ಪಾತ್ರೆ ಅಂಗಡಿಗೆ ಸೇರಿ, ಅಲ್ಲಿಯೇ ಯಜಮಾನನಾದವನು. ಮೂರನೆಯವನು ಕಾಪುವಿನ ಜಯ. ಅವನ ತಂದೆ ಕಡಲಿಗೆ ಹೋಗುತ್ತಿದ್ದವರು. ಜಯ ಮಾತ್ರ ದೋಣಿಗಳ ಎಂಜಿನು ರಿಪೇರಿ ಕಲಿತ. ಎಂಜಿನಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಅದರ ರೋಗ ಹೇಳುತ್ತಿದ್ದನಂತೆ. ವೈದ್ಯರು ನಾಡಿ ಹಿಡಿದಂತೆ ಎಂದು ಪೈ ಯಾವಾಗಲೂ ಹೇಳುವುದುಂಟು.

ನಾವು ಮೂವರು ಸೇರಿದರೆ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡಿಸಿ ಬರೆಯುತ್ತಿದ್ದೇನೆ. ಒಂದು ವಿಷಯವನ್ನು ಮಾತ್ರ ಹಾಗೆಯೇ ಉಳಿಸಿದ್ದೇನೆ. ಪೈ ನನ್ನನ್ನು 'ಮಾರಾಯ ಭಟ್ಟ' ಎಂದು ಏಕವಚನದಲ್ಲಿ ಕರೆಯುವವನು. ಜಯ 'ಭಟ್ರೆ, ನೀವು' ಎನ್ನುವವನು. ಒಂದೇ ಬೆಂಚಿನವರಾದರೂ ಹೀಗೆ. ಅದೇಕೆ ಹಾಗೆ ಎಂದು ಐವತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಯೋಚಿಸದೆ ಇರುವುದಕ್ಕೆ ನನಗೆ ಅನುಕೂಲವಿತ್ತು.

ಮಳೆ ಬಿಟ್ಟ ಬಳಿಕದ ಬೆಳಗಿನ ಹೊತ್ತು ನಮ್ಮ ಶಾಲೆಯ ಜಗಲಿಯಲ್ಲಿ ನಿಂತರೆ ಮೂಡಣ ದಿಕ್ಕಿನಲ್ಲಿ ಘಟ್ಟದ ಗೋಡೆ ನೀಲಿಯಾಗಿ ಕಾಣುತ್ತಿತ್ತು. ಆ ಗೋಡೆಯ ಮೇಲೆ ಒಂದು ಕುದುರೆ ಮೂತಿ ಚಾಚಿ ಕಡಲಿನ ಕಡೆಗೆ ನೋಡುತ್ತಿರುವಂತೆ ಕುದುರೆಮುಖ. ನಮಗೆ ಅದೊಂದು ಚಿತ್ರ, ಜಯನಿಗೆ ಹಾಗಲ್ಲ. ಅವನ ತಂದೆ ನಡುನೀರಿನಲ್ಲಿ ಬಲೆ ಎಳೆದು ದೋಣಿ ತಿರುಗಿಸುವಾಗ ದಡ ಕಾಣುತ್ತಿರಲಿಲ್ಲವಂತೆ, ಕುದುರೆಯ ಮೂತಿ ಮಾತ್ರ ಕಾಣುತ್ತಿತ್ತಂತೆ. ಅದನ್ನು ಎಡಗಣ್ಣಿನ ನೇರಕ್ಕೆ ಹಿಡಿದು ಬಂದರೆ ಸರಿಯಾಗಿ ಮನೆಯ ಮುಂದಿನ ತೆಂಗಿನ ಮರಗಳಡಿ ದೋಣಿ ಮುಟ್ಟುತ್ತಿತ್ತಂತೆ. "ಒಂದು ದಿನ ಅದರ ಮೇಲೆ ಹತ್ತಬೇಕು" ಎಂದು ಜಯ ಹತ್ತನೆಯ ತರಗತಿಯಲ್ಲಿ ಹೇಳಿದ. "ಮೂವರೂ" ಎಂದು ಪೈ ಸೇರಿಸಿದ. ನಾನು ತಥಾಸ್ತು ಎಂದೆ. ಆಮೇಲೆ ನಮಗೆ ಮದುವೆಗಳಾದವು, ಮಕ್ಕಳಾದರು, ಮಂಡಿನೋವು ಬಂತು. ಕುದುರೆ ತನ್ನ ಮೂತಿ ಚಾಚಿಕೊಂಡು ಅಲ್ಲಿಯೇ ಇತ್ತು.

ಎರಡು ವರ್ಷಗಳ ಹಿಂದೆ ಜಯನ ಬಲಗೈ ನಡುಗಲು ತೊಡಗಿತು. ಮೊದಲು ಕಿರುಬೆರಳು, ಬಳಿಕ ಅಂಗೈ. ಮಣಿಪಾಲದಲ್ಲಿ ತೋರಿಸಲು ಹೋದಾಗ ನಾನೂ ಜೊತೆಗಿದ್ದೆ. ವೈದ್ಯೆ ನಮ್ಮ ಮಕ್ಕಳಿಗಿಂತ ಚಿಕ್ಕವಳು, ಸುತ್ತುಬಳಸಿ ಮಾತನಾಡುವವಳಲ್ಲ. ಈ ನಡುಕ ಗುಣವಾಗುವಂಥದ್ದಲ್ಲ, ಔಷಧಿಯಿಂದ ನಿಧಾನ ಮಾಡಬಹುದು, ಮುಂದೆ ಕಾಲಿಗೂ ಇಳಿಯಬಹುದು ಎಂದಳು. ಜಯ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ: "ಡಾಕ್ಟ್ರೆ, ಬೆಟ್ಟ ಹತ್ತಬಹುದಾ?"

"ಆಸೆ ಇದ್ದರೆ ಈ ಚಳಿಗಾಲದಲ್ಲೇ ಹತ್ತಿಬಿಡಿ. ಮುಂದಿನ ಚಳಿಗಾಲಕ್ಕೆ ನಾನು ಮಾತು ಕೊಡಲಿಕ್ಕೆ ಆಗುವುದಿಲ್ಲ."

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಜಯ ಹೇಳಿದ, "ಆಗಲಿ ಭಟ್ರೆ. ಕಾಲಿಗೆ ರಜೆ ಸಿಗುವ ಮೊದಲು ಒಂದು ಕೆಲಸ ಮುಗಿಸುವ."

ಹೀಗೆ ಅರುವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಚಾರಣಿಗನಾದೆ. ತಾಲೀಮು ಆರಂಭವಾಯಿತು. ನಾನು ರಥಬೀದಿಯಲ್ಲಿ ದಿನವೂ ಹನ್ನೊಂದು ಸುತ್ತು ಬಂದೆ. ಭಕ್ತಿ ಹೆಚ್ಚಾಗಿದೆಯೆಂದು ಪರಿಚಿತರು ಕೈಮುಗಿದರು. ಪೈ ಕಾರ್ಕಳದಲ್ಲಿ ಗೊಮ್ಮಟ ಬೆಟ್ಟದ ಮೆಟ್ಟಿಲು ಹತ್ತಿದ. ಹತ್ತಿ ಇಳಿದ ಮೇಲೆ ಎರಡು ಗೋಳಿಬಜೆ ತಿಂದು, ಕರಗಿಸಿದ್ದನ್ನು ತುಂಬಿಕೊಳ್ಳುತ್ತಿದ್ದನೆಂದು ಅವನ ಸೊಸೆಯಿಂದ ತಿಳಿಯಿತು. ಜಯ ಕಾಪುವಿನ ಮರಳಿನ ಮೇಲೆ ಬರಿಗಾಲಿನಲ್ಲಿ ನಡೆದ. ಮರಳಿನ ಮೇಲೆ ಒಂದು ಮೈಲು ನಡೆದರೆ ನೆಲದ ಮೇಲೆ ಮೂರು ನಡೆದಂತೆ ಎಂಬುದು ಅವನ ಸಿದ್ಧಾಂತ.

ದಿನ ನಿಶ್ಚಯಿಸುವ ಭಾರ ನನ್ನದಾಯಿತು. ಮೂವರಲ್ಲಿ ತಿಥಿ ನಕ್ಷತ್ರ ಬಲ್ಲವನು ನಾನು ತಾನೆ? ನಾವು ಸೇರಿದ್ದು ಪೈಯ ಅಂಗಡಿಯಲ್ಲಿ. ಬೆಟ್ಟಕ್ಕೆ ದಿನಕ್ಕೆ ಇಷ್ಟೇ ಜನ ಎಂಬ ನಿಯಮವಂತೆ. ಪೈಯ ಸೊಸೆ ಮೊಬೈಲು ಹಿಡಿದು ಅನುಮತಿ ಪಡೆಯಲು ಕುಳಿತಿದ್ದಳು. "ಮಾಮ, ಶುಕ್ರವಾರ ಮೂರು ಜನಕ್ಕೆ ಜಾಗ ಉಂಟು. ಬೇಗ ಹೇಳಿ, ಈಗ ಹೋಗಿಬಿಡುತ್ತದೆ" ಎಂದಳು. ಕೊಡಪಾನಗಳ ಸಾಲಿನ ಮೇಲೆ ಗೋಡೆಯಲ್ಲೊಂದು ಕ್ಯಾಲೆಂಡರ್ ತೂಗುತ್ತಿತ್ತು. ಕತ್ತೆತ್ತಿ ನೋಡಿದೆ. ಗುರುವಾರದ ಚೌಕದಲ್ಲಿ 'ಏಕಾದಶಿ' ಎಂದಿತ್ತು. ಮನಸ್ಸು ಹಿಗ್ಗಿತು. ಗುರುವಾರ ಕಾರಿನಲ್ಲಿ ಕುಳಿತೇ ಉಪವಾಸ, ಶುಕ್ರವಾರ ದ್ವಾದಶಿ, ಬೆಳಗ್ಗೆ ಪಾರಣೆಯ ಊಟ ಮುಗಿಸಿ ತುಂಬಿದ ಹೊಟ್ಟೆಯಲ್ಲಿ ಬೆಟ್ಟ, ಶನಿವಾರ ಮನೆ. "ಹಾಕಿಬಿಡಮ್ಮ" ಎಂದೆ.

ಮನೆಗೆ ಬಂದು ಉಳಿದದ್ದೆಲ್ಲ ನೋಡಿದೆ. ಗುರುವಾರ ಮೂಡಣಕ್ಕೆ ಹೊರಡಲು ದಿಕ್ಶೂಲವಿಲ್ಲ. ಶನಿವಾರ ಪಡುವಣಕ್ಕೆ ಮರಳಲೂ ಇಲ್ಲ. ರಾಹುಕಾಲ ತಪ್ಪಿಸಿ ಹೊರಡುವ ಗಳಿಗೆ ಹುಡುಕಿದೆ. ಮೂವರ ಜನ್ಮನಕ್ಷತ್ರಕ್ಕೂ ತಾರಾಬಲ ಕೂಡಿಸಿದೆ. ಜಯನಿಗೆ ತನ್ನ ನಕ್ಷತ್ರ ಗೊತ್ತಿರಲಿಲ್ಲ. "ಕೈರಂಪಣಿ ಬಲೆಗೆ ರಾಶಿ ಬಂಗುಡೆ ಮೀನು ಬಿದ್ದ ದಿನ ಹುಟ್ಟಿದ್ದು ಅಂತ ಅಮ್ಮ ಹೇಳುತ್ತಿದ್ದರು. ಅದರಲ್ಲಿ ನೋಡಿ" ಎಂದ. ಕೊನೆಗೆ ಹೆಸರಿನ ಮೊದಲಕ್ಷರದಿಂದ ಉತ್ತರಾಷಾಢ ಎಂದು ಇಟ್ಟುಕೊಂಡೆ. ಇಷ್ಟೊಂದು ಸೂಕ್ಷ್ಮಗಳನ್ನು ನೋಡಿದವನು ಒಂದನ್ನು ನೋಡಲಿಲ್ಲ. ಪಂಚಾಂಗದಲ್ಲಿ ಏಕಾದಶಿ ಯಾವ ದಿನವಿದೆಯೆಂದು ನೋಡಲಿಲ್ಲ. ಅದು ಗೊತ್ತಿದೆಯಲ್ಲ ಎಂಬ ಭರವಸೆ!

ಏಕಾದಶಿಯ ವಿಷಯದಲ್ಲಿ ನನಗೊಂದು ಹೆಮ್ಮೆ ಇತ್ತೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಹನ್ನೊಂದನೆಯ ವಯಸ್ಸಿನಲ್ಲಿ ಉಪನಯನವಾದಂದಿನಿಂದ ಒಂದು ಏಕಾದಶಿಯೂ ತಪ್ಪಿರಲಿಲ್ಲ. ಅನ್ನ ಮಾತ್ರವಲ್ಲ, ನೀರೂ ಇಲ್ಲದ ಉಪವಾಸ. ಜ್ವರದಲ್ಲಿ ಮಲಗಿದ್ದಾಗಲೂ ಇಲ್ಲ, ಮಗಳ ಮದುವೆಯ ಓಡಾಟದಲ್ಲೂ ಇಲ್ಲ. ಐವತ್ತೆಂಟು ವರ್ಷ. ಯಾರಾದರೂ ಕೇಳಿದರೆ ವಿನಯದಿಂದಲೇ ಹೇಳುತ್ತಿದ್ದೆ. ಕೇಳದಿದ್ದರೂ ಹೇಳುತ್ತಿದ್ದೆ ಎಂದು ಜಾನಕಿಯ ಅಂಬೋಣ.

ಗುರುವಾರ ಶುಭ ಗಳಿಗೆಯಲ್ಲಿ ಹೊರಟೆವು. ಜಯನ ಬ್ಯಾಗು ಅವನ ಉಪಕರಣಗಳ ಪೆಟ್ಟಿಗೆಯಂತೆ ಅಚ್ಚುಕಟ್ಟು. ಒಂದರ ಜಾಗದಲ್ಲಿ ಇನ್ನೊಂದಿಲ್ಲ. ಪೈಯ ಬ್ಯಾಗಿನಿಂದ ಚಕ್ಕುಲಿಯ ಪರಿಮಳ. ನನ್ನದರಲ್ಲಿ ಸಂಧ್ಯಾವಂದನೆಯ ತಾಮ್ರದ ಪಾತ್ರೆಗಳು, ಮಡಿಪಂಚೆ ಎರಡು, ಸಾಲಿಗ್ರಾಮಕ್ಕೆ ಮೀಸಲಾದ ಪುಟ್ಟ ಸಂಪುಟ, ದ್ವಾದಶಿಯ ಅಡುಗೆಗೆ ಅಕ್ಕಿ ಬೇಳೆ. "ಭಟ್ಟ, ನೀನು ಬೆಟ್ಟ ಹತ್ತುವುದಾ, ಬೆಟ್ಟದಲ್ಲಿ ಮಠ ಕಟ್ಟುವುದಾ?" ಎಂದು ಪೈ ಕೇಳಿದ. ಬಜಗೋಳಿ ದಾಟಿ, ಘಟ್ಟದ ತಿರುವುಗಳನ್ನು ಹತ್ತಿ, ಕೊನೆಗೆ ಜೀಪಿನಲ್ಲಿ ಕುಲುಕಿಸಿಕೊಂಡು ಬೆಟ್ಟದ ಬುಡದ ಮನೆಯೊಂದನ್ನು ಸೇರುವಾಗ ಸಂಜೆಯಾಗಿತ್ತು. ಆ ಮನೆಯ ಯಜಮಾನ ಗಿರಿಯಪ್ಪ ಗೌಡರೇ ಮರುದಿನ ನಮಗೆ ದಾರಿ ತೋರಿಸುವವರು. ಐವತ್ತು ದಾಟಿದ, ಒಣಗಿದ ಮರದಂಥ ಗಟ್ಟಿ ಮನುಷ್ಯ.

ಮೊಬೈಲಿಗೆ ಸಿಗ್ನಲ್ಲು ಸಿಗುತ್ತಿದ್ದುದು ಅಂಗಳದ ಮೂಲೆಯ ನೇರಳೆ ಮರದ ಅಡಿಯಲ್ಲಿ ಮಾತ್ರ. ಸೂರ್ಯ ಮುಳುಗುತ್ತಿದ್ದಾಗ ಅಲ್ಲಿ ಹೋಗಿ ನಿಂತೆ. ಕೂಡಲೇ ಗಂಟೆ ಹೊಡೆಯಿತು. ಜಾನಕಿ.

"ಮಧ್ಯಾಹ್ನದಿಂದ ಮಾಡಿ ಮಾಡಿ ಬೆರಳು ನೊಂದಿತು. ಊಟ ಮಾಡಿದ್ದೀರಾ?"

"ಇದೇನು ಕೇಳುತ್ತೀ? ಇವತ್ತು ಏಕಾದಶಿ."

"ಅದನ್ನೇ ಹೇಳಲಿಕ್ಕೆ ಮಾಡಿದ್ದು. ಇವತ್ತು ಅಲ್ಲ, ನಾಳೆ."

"ಯಾರು ಹೇಳಿದ್ದು?"

"ಯಾರೂ ಹೇಳುವುದು ಬೇಡ. ದೇವಸ್ಥಾನಕ್ಕೆ ಹೋದರೆ ಭೋಜನಶಾಲೆಯಲ್ಲಿ ಎಲೆ ಹಾಕಿದ್ದಾರೆ, ಎಲ್ಲರೂ ಉಣ್ಣುತ್ತಿದ್ದಾರೆ. ನಾನೊಬ್ಬಳು ತುಳಸಿ ಹಿಡಿದುಕೊಂಡು ಹಸಿದು ನಿಂತಿದ್ದೇನೆ. ನಿಮ್ಮ ಪಂಚಾಂಗ ತೆಗೆದು ನೋಡಿದೆ. ನಾಳೆಯೇ."

"ನೀನು ಊಟ ಮಾಡಿದೆಯಾ?"

"ಮತ್ತೆ? ಪಾಯಸವೂ ಇತ್ತು."

ನನ್ನ ಕಿವಿ ಬಿಸಿಯಾಯಿತು. ವಿಷಯ ಇಷ್ಟೇ. ಸಾಮಾನ್ಯ ಕ್ಯಾಲೆಂಡರು ಸೂರ್ಯೋದಯಕ್ಕೆ ಇರುವ ತಿಥಿಯನ್ನು ಅಚ್ಚು ಹಾಕುತ್ತದೆ. ನಮ್ಮ ಸಂಪ್ರದಾಯದಲ್ಲಿ ಅದು ಸಾಲದು. ಅರುಣೋದಯದ ಹೊತ್ತಿನಲ್ಲಿ ಹಿಂದಿನ ದಶಮಿಯ ಸೋಂಕು ಒಂದಿಷ್ಟು ಉಳಿದಿದ್ದರೂ ಆ ಏಕಾದಶಿಯನ್ನು ಬಿಟ್ಟು ಮರುದಿನ ಉಪವಾಸ ಮಾಡಬೇಕು. ಈ ನಿಯಮವನ್ನು ನಾನು ನಲವತ್ತು ವರ್ಷ ಶಿಷ್ಯರಿಗೆ ಪಾಠ ಹೇಳಿದ್ದೇನೆ, ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳಿದ್ದೇನೆ. ಈಗ ಉಪವಾಸ ಬೇಡದ ದಿನ ಉಪವಾಸವಿದ್ದಾಯಿತು. ನಮ್ಮ ಲೆಕ್ಕಕ್ಕೆ ಅಂದು ದಶಮಿ; ದಶಮಿಯ ದಿನ ಹಗಲು ಒಂದೇ ಊಟ, ಸೂರ್ಯ ಮುಳುಗಿದ ಮೇಲೆ ಇಲ್ಲ. ಸೂರ್ಯ ನನ್ನ ಕಣ್ಣೆದುರೇ ಮುಳುಗುತ್ತಿದ್ದ. ನಾಳೆ ನಿಜವಾದ ಏಕಾದಶಿ, ಅನ್ನವಿಲ್ಲ, ನೀರಿಲ್ಲ. ಮತ್ತು ನಾಳೆ ಬೆಟ್ಟ.

ಪೈ ನಕ್ಕು ನಕ್ಕು ಜಗಲಿಯ ಕಂಬ ಹಿಡಿದುಕೊಂಡ. "ಊರಿಗೆಲ್ಲ ತಿಥಿ ಹೇಳುವ ಭಟ್ಟ ಪಾತ್ರೆ ಅಂಗಡಿಯ ಕ್ಯಾಲೆಂಡರ್ ನಂಬಿ ಕೆಟ್ಟ!" ಅವನಿಗೂ ಏಕಾದಶಿ ಉಂಟು, ಆದರೆ ಅವನದು ಬಾಳೆಹಣ್ಣು, ಗೆಣಸು, ಹಾಲುಗಳಿಂದ ತುಂಬಿದ ಸಮೃದ್ಧ ಏಕಾದಶಿ.

ಗಿರಿಯಪ್ಪ ಗೌಡರು ನಗಲಿಲ್ಲ. "ಸ್ವಾಮಿ, ವ್ರತ ನಿಮ್ದು, ಬೇಡ ಅನ್ನೋಕೆ ನಾನ್ಯಾರು? ಆದ್ರೆ ನೀರು ಕುಡೀದೆ ಇರೋರನ್ನ ನಾನು ಮೇಲೆ ಕರ್ಕೊಂಡ್ ಹೋಗಲ್ಲ. ಹೋದ ವರ್ಷ ಹಿಂಗೇ ಒಬ್ರನ್ನ ಹೊತ್ಕೊಂಡ್ ಇಳಿಸಿದೀನಿ. ಈಗ್ಲೂ ಸೊಂಟ ಹಿಡ್ಕೊಳುತ್ತೆ."

"ಹಾಗಾದರೆ ನಾನು ಇಲ್ಲಿಯೇ ಇರುತ್ತೇನೆ. ನೀವು ಹೋಗಿ ಬನ್ನಿ" ಎಂದೆ.

ಜಯ ಮೆಟ್ಟಿಲ ಮೇಲೆ ಕುಳಿತು ಬೂಟಿನ ದಾರ ಕಟ್ಟುವುದನ್ನು ಅಭ್ಯಾಸ ಮಾಡುತ್ತಿದ್ದ. ಆ ಬೆರಳುಗಳಿಗೆ ಈಗ ದಾರವೂ ಕಷ್ಟ. ತಲೆ ಎತ್ತದೆ ಹೇಳಿದ, "ಭಟ್ರು ಇಲ್ಲದಿದ್ದರೆ ನಾನೂ ಇಲ್ಲ."

"ಜಯ, ಇದು ನಿನ್ನ ತಂದೆಯ ಬೆಟ್ಟ. ಡಾಕ್ಟರು ಹೇಳಿದ್ದು ಮರೆತೆಯಾ?"

"ಮರೆತಿಲ್ಲ. ಮೂವರು ಅಂತ ಅಲ್ವಾ ಮಾತಾದದ್ದು?"

ಅವನ ಆ ನಿಧಾನವಾದ ಸ್ವರವನ್ನು ನಾನು ಬಲ್ಲೆ. ಅದಕ್ಕೆ ಎದುರು ಮಾತಿಲ್ಲ. ನಾನೂ ಹಟಮಾರಿಯೇ. ಐವತ್ತೆಂಟು ವರ್ಷ ನಡೆಸಿಕೊಂಡು ಬಂದ ದೇವರು ಒಂದು ಹಗಲು ನಡೆಸಲಾರನೇ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿ, ನಾನೂ ಬರುತ್ತೇನೆಂದು ಗೌಡರಲ್ಲಿ ವಾದಿಸಿದೆ. ಬಹಳ ಹೊತ್ತಿನ ಮೇಲೆ ಅವರು ಒಂದು ಗಡಿ ಹಾಕಿದರು. "ಮೂರನೇ ಹಳ್ಳದವರೆಗೆ ನೋಡ್ತೀನಿ. ಅಲ್ಲಿ ನೀವು ನೀರು ಕುಡೀಲಿಲ್ಲ ಅಂದ್ರೆ ಎಲ್ರೂ ವಾಪಸ್. ಒಬ್ರನ್ನ ಕಾಡಲ್ಲಿ ಬಿಟ್ಟು ಇನ್ನೊಬ್ರನ್ನ ಕರ್ಕೊಂಡ್ ಹೋಗೋ ಕ್ರಮ ನಮ್ಮಲ್ಲಿಲ್ಲ."

ನಸುಕಿನಲ್ಲಿ ಸ್ನಾನ, ಸಂಧ್ಯೆ, ಪೂಜೆ ಮುಗಿಸಿ ಹೊರಟೆವು. ಸಂಕಲ್ಪ ಹೇಳುವಾಗ ಸ್ವರ ಎಂದಿಗಿಂತ ಗಟ್ಟಿಯಾಗಿಯೇ ಇತ್ತು. ಮೊದಲ ಒಂದು ಗಂಟೆ ನಾನೇ ಎಲ್ಲರಿಗಿಂತ ಮುಂದೆ. ಎಡಬಲಗಳಲ್ಲಿ ಮಂಜು ತುಂಬಿದ ಹುಲ್ಲುಗಾವಲು, ಮಡಿಕೆಗಳ ನಡುವೆ ಕಪ್ಪುಹಸಿರು ಕಾಡಿನ ತುಣುಕುಗಳು. ಭಗವಂತನು ತನ್ನ ಉತ್ತರೀಯವನ್ನು ಒಣಗಲು ಹರವಿಟ್ಟಂತೆ ಬೆಟ್ಟಗಳ ಸಾಲು. ಸಹಸ್ರನಾಮ ಹೇಳುತ್ತ ನಡೆದೆ. ಜಯ ಹಿಂದೆ ತನ್ನದೇ ತಾಳದಲ್ಲಿ ಬರುತ್ತಿದ್ದ. "ಎಂಜಿನು ಬಿಸಿಯಾಗುವವರೆಗೆ ಕಷ್ಟ ಭಟ್ರೆ, ಆಮೇಲೆ ಓಡುತ್ತದೆ" ಎನ್ನುತ್ತಿದ್ದ. ಮೊದಲನೆಯ ಹಳ್ಳದಲ್ಲಿ ಪೈ ಬೊಗಸೆ ತುಂಬ ನೀರು ಕುಡಿದು, ನನ್ನನ್ನು ಕಂಡು ನಾಚಿ ಬಾಯಿ ಒರೆಸಿಕೊಂಡ. ಎರಡನೆಯ ಹಳ್ಳದ ಹೊತ್ತಿಗೆ ಮಂಜು ಕರಗಿ ಬಿಸಿಲು ಬೆನ್ನಿಗೆ ಬಡಿಯಿತು. ಸಹಸ್ರನಾಮದ ನಡುವೆ ಎಲ್ಲಿದ್ದೇನೆಂದು ಮರೆಯಿತು. ಹಿಂದೆ ಹೋಗಿ ಮತ್ತೆ ತೊಡಗಿದೆ. ಮತ್ತೆ ಮರೆಯಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಮೂರನೆಯ ಹಳ್ಳದ ಬಂಡೆಯ ಮೇಲೆ ನಾನು ಕುಳಿತುಕೊಂಡೆ ಎನ್ನುವುದು ಸೌಜನ್ಯದ ಮಾತು. ಕಾಲು ನನ್ನನ್ನು ಅಲ್ಲಿ ಕುಳ್ಳಿರಿಸಿತು. ಮೀನಖಂಡ ಸೆಟೆದುಕೊಂಡಿತು. ಕಣ್ಣಿನ ಮುಂದೆ ಹುಲ್ಲುಗಾವಲು ಒಮ್ಮೆ ಹಸಿರಾಗಿ, ಒಮ್ಮೆ ಬಿಳಿಯಾಗಿ ಕಂಡಿತು. ಗಿರಿಯಪ್ಪ ಗೌಡರು ಕೈಯಲ್ಲಿದ್ದ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ, ಬಂದ ದಾರಿಯ ಕಡೆಗೆ ತಿರುಗಿ ನಿಂತರು. ಪೈಯ ಬಾಯಲ್ಲಿಯೂ ತಮಾಷೆ ಇರಲಿಲ್ಲ. ಮೇಲೆ, ಬಹಳ ಹತ್ತಿರ ಎನ್ನುವಂತೆ, ಕುದುರೆಯ ಕತ್ತು ಕಾಣುತ್ತಿತ್ತು.

"ನಾನೇ ಕೆಡಿಸಿದೆ ಜಯ. ಕ್ಷಮಿಸು. ಇಳಿಯೋಣ" ಎಂದೆ.

ಜಯ ತನ್ನ ಬ್ಯಾಗಿನಿಂದ ಸ್ಟೀಲಿನ ಲೋಟ ತೆಗೆದು ಹಳ್ಳಕ್ಕೆ ಇಳಿದ. ತುಂಬಿಸಿಕೊಂಡು ಬರುವಷ್ಟರಲ್ಲಿ ಅರ್ಧ ಚೆಲ್ಲಿತ್ತು. ಮತ್ತೆ ಇಳಿದ. ಈ ಸಲ ಎರಡೂ ಕೈಗಳಿಂದ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಬಂದ. ನನ್ನೆದುರು ಮೊಣಕಾಲೂರಿ ಕುಳಿತ.

"ಕುಡಿಯಿರಿ."

ನಾನು ತಲೆ ಅಲ್ಲಾಡಿಸಿದೆ.

"ಕುಡಿ ಮಾರಾಯ!" ಎಂದ ಜಯ. ಅವನು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಈ ಕೈ ಮುಂದಿನ ವರ್ಷ ಲೋಟ ಹಿಡಿಯುತ್ತದೋ ಇಲ್ಲವೋ ಗೊತ್ತಿಲ್ಲ. ಇವತ್ತು ಹಿಡಿದಿದೆ. ಕುಡಿ!"

ಐವತ್ತು ವರ್ಷಗಳಲ್ಲಿ ಅವನು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಆ ಕ್ಷಣ ನನಗೆ ಕಂಡದ್ದು ಮಟ್ಟುವಿನ ನಮ್ಮ ಮನೆಯ ಅಂಗಳ. ಶಾಲೆ ಬಿಟ್ಟು ಬರುವಾಗ ಜಯ ನಮ್ಮಲ್ಲಿ ನೀರು ಕೇಳುತ್ತಿದ್ದ. ನನ್ನಮ್ಮ ಕರುಣೆಯುಳ್ಳವಳು, ಒಮ್ಮೆಯೂ ಇಲ್ಲ ಎಂದವಳಲ್ಲ. ಜಗಲಿಯ ಮೇಲೆ ನಿಂತು ಬೆಲ್ಲದ ತುಂಡೊಂದನ್ನು ಅವನ ಕೈಗೆ ಬೀಳಿಸಿ, ಚೆಂಬನ್ನು ಎತ್ತರದಿಂದ ಬಾಗಿಸಿ ಸುರಿಯುತ್ತಿದ್ದಳು. ಜಯ ಅಂಗಳದಲ್ಲಿ ಬಗ್ಗಿ, ಬೊಗಸೆಯೊಡ್ಡಿ ಕುಡಿಯುತ್ತಿದ್ದ. ನಾನು ಅವಳ ಸೆರಗಿನ ಹಿಂದೆ ನಿಂತು, ನನ್ನ ಲೋಟದಿಂದ ಕುಡಿಯುತ್ತಿದ್ದೆ. ಆ ಚಿತ್ರದಲ್ಲಿ ತಪ್ಪೇನಿದೆಯೆಂದು ಅಂದು ನನಗೆ ಹೊಳೆದಿರಲಿಲ್ಲ. ಶಾಸ್ತ್ರ ಓದಿದ ಬಳಿಕವೂ ಹೊಳೆದಿರಲಿಲ್ಲ.

ಇನ್ನೊಂದು ವಿಷಯವೂ ಆಗ ನೆನಪಾಯಿತು. ಮುದುಕರಿಗೂ ಅಶಕ್ತರಿಗೂ ನೀರು ಕುಡಿದರೆ ವ್ರತಭಂಗವಿಲ್ಲವೆಂದು ಹಿರಿಯರು ಸ್ಪಷ್ಟವಾಗಿ ಹೇಳಿದ್ದಾರೆ. ಕೇಳಿದವರಿಗೆಲ್ಲ ನಾನೇ ಅದನ್ನು ಹೇಳಿ, ಧೈರ್ಯ ಕೊಟ್ಟು ಕಳುಹಿಸಿದ್ದೇನೆ. ಆ ರಿಯಾಯಿತಿ ನನಗೆ ಬೇಡವಾದದ್ದು ಭಕ್ತಿಯಿಂದಲ್ಲ. ಪ್ರತಿ ಉಪವಾಸವನ್ನೂ ಶ್ರೀಹರಿಗೆ ಅರ್ಪಿಸಿದ್ದೇನೆಂದು ಬಾಯಿಯಲ್ಲಿ ಹೇಳುತ್ತ, ಲೆಕ್ಕವನ್ನು ಮಾತ್ರ ನನ್ನಲ್ಲಿಯೇ ಇಟ್ಟುಕೊಂಡಿದ್ದೆ.

ಲೋಟಕ್ಕೆ ಕೈ ಚಾಚಲಿಲ್ಲ. ದೇವರ ಮುಂದೆ ತೀರ್ಥಕ್ಕೆ ಹಿಡಿಯುವಂತೆ ಬಲ ಅಂಗೈಯನ್ನು ಬಗ್ಗಿಸಿ, ಎಡಗೈಯನ್ನು ಅದರಡಿ ಹಿಡಿದೆ. ಜ್ವರ ಬಂದವನಂತೆ ನಡುಗುವ ಆ ಕೈಯಿಂದ ನೀರು ಧಾರೆಯಾಗಿ ಬೀಳಲಿಲ್ಲ. ತುಳುಕಿತು, ತಪ್ಪಿತು, ನನ್ನ ಮಣಿಕಟ್ಟಿಗೆ ಬಿತ್ತು, ಮತ್ತೆ ಅಂಗೈಗೆ ಬಂತು. ಕೃಷ್ಣಾ ಎಂದು ಕುಡಿದೆ. ಮೂರು ಸಲ. ಬಳಿಕ ಲೋಟವನ್ನೇ ತೆಗೆದುಕೊಂಡು ಮುಗಿಸಿದೆ. ಅಷ್ಟು ತಣ್ಣನೆಯ ನೀರನ್ನು ನಾನು ಕುಡಿದದ್ದಿಲ್ಲ.

"ಇನ್ನೊಂದು ತರಲಾ?" ಎಂದ ಜಯ.

"ತಾ" ಎಂದೆ.

ಗಿರಿಯಪ್ಪ ಗೌಡರು ಮೆಲ್ಲಗೆ ಬೆಟ್ಟದ ಕಡೆಗೆ ತಿರುಗಿದರು. ಪೈ ನನ್ನ ಬ್ಯಾಗಿನಿಂದ ತಾಮ್ರದ ಪಾತ್ರೆಗಳನ್ನು ತೆಗೆದು ತನ್ನದಕ್ಕೆ ಹಾಕಿಕೊಂಡ. "ಪಾತ್ರೆ ಹೊರುವುದು ನನ್ನ ಕುಲಕಸುಬು" ಎಂದ. ಜಾಗ ಮಾಡಲೆಂದು ಉಳಿದ ಚಕ್ಕುಲಿಯನ್ನೆಲ್ಲ ಗೌಡರಿಗೆ ಕೊಟ್ಟುಬಿಟ್ಟ. ಅವನ ಮಟ್ಟಿಗೆ ಅದು ಮಹಾದಾನವೇ.

ತುದಿ ಮುಟ್ಟುವಾಗ ಸುತ್ತಲೂ ಮೋಡ. ಐದು ಮಾರು ಆಚೆ ಏನೂ ಇಲ್ಲ. ಇಷ್ಟೆಲ್ಲ ಆಗಿ ಬಂದು ಬಿಳಿಯ ಗೋಡೆಯನ್ನು ನೋಡುವುದೇ ಎಂದು ನನಗೆ ಅಳು ಬರುವಂತಾಯಿತು. ಜಯ ಮಾತ್ರ ಪಡುವಣಕ್ಕೆ ಮುಖ ಮಾಡಿ ಕುಳಿತ. ದೋಣಿ ಬರುವುದನ್ನು ಕಾಯುವವರು ದಂಡೆಯಲ್ಲಿ ಕುಳಿತುಕೊಳ್ಳುವುದು ಹಾಗೆಯೇ. ಅವಸರವಿಲ್ಲ, ಎದ್ದು ಹೋಗುವುದೂ ಇಲ್ಲ. ನಾವೂ ಅವನ ಪಕ್ಕದಲ್ಲಿ ಕುಳಿತೆವು. ಗಾಳಿ ದಿಕ್ಕು ಬದಲಿಸಿತು. ಮೋಡ ಕೆಳಗಿನಿಂದ ಸೀಳಿತು. ಮೊದಲು ಕಾಡು, ಅದರಾಚೆ ಕೆಂಪು ನೆಲ, ಮಸುಕಾದ ಬಯಲು, ಎಲ್ಲದರ ಕೊನೆಗೆ ಬೆಳ್ಳಿಯ ಸರಿಗೆಯಂತೆ ಒಂದು ಗೆರೆ.

"ಅಲ್ಲಿ" ಎಂದ ಜಯ.

ಹೊಳೆಯೊಂದು ಕಡಲು ಸೇರುವಲ್ಲಿ ಬೆಳಕು ಮಿನುಗುತ್ತಿತ್ತು. ಅದು ಉದ್ಯಾವರದ ಹೊಳೆಯೇ ಎಂದು ಅವನು ಆಣೆ ಮಾಡಿದ. ಅದರಿಂದ ತೆಂಕಣಕ್ಕೆ ಬೆರಳು ಸರಿಸಿ, "ಇಲ್ಲಿ ಕಾಪು. ಇಲ್ಲಿ ನಮ್ಮ ಮನೆ" ಎಂದ. ಬೆರಳು ನಡುಗುತ್ತಿದ್ದುದರಿಂದ ಮನೆ ಮೂಳೂರಿನಿಂದ ಪಡುಬಿದ್ರಿಯವರೆಗೆ ಎಲ್ಲಿ ಬೇಕಾದರೂ ಇರಬಹುದಿತ್ತು. "ನನ್ನ ಅಂಗಡಿ ಕಾಣುತ್ತದಾ ನೋಡು. ಶಟರ್ ತೆಗೆದಿದ್ದಾರಾ ಇಲ್ಲವಾ?" ಎಂದ ಪೈ. ನಾವು ನಕ್ಕೆವು.

ನಗು ಇಳಿದ ಮೇಲೆ ಜಯ ತನ್ನಷ್ಟಕ್ಕೆ ಹೇಳಿಕೊಂಡ, "ಅಪ್ಪ ಇದನ್ನು ನೋಡಿಕೊಂಡು ಮನೆಗೆ ಬರುತ್ತಿದ್ದರು. ಇದೂ ಅಪ್ಪನನ್ನು ನೋಡುತ್ತಿತ್ತು ಅಂತ ನನಗೆ ಅಂದಾಜು ಇರಲಿಲ್ಲ."

ನಾನು ಕೈಮುಗಿದೆ. ಎದುರಿಗೆ ಗುಡಿಯೂ ಇರಲಿಲ್ಲ, ಮೂರ್ತಿಯೂ ಇರಲಿಲ್ಲ.

ಇಳಿದ ಕತೆ ಹೇಳುವಂಥದ್ದಲ್ಲ; ಮೂವರೂ ಅರ್ಧ ದಾರಿ ಕುಳಿತೇ ಜಾರಿದೆವು. ಮರುದಿನ ದ್ವಾದಶಿ. ಗೌಡರ ಮನೆಯವರು ಒಲೆಯೊಂದನ್ನು ಬಿಟ್ಟುಕೊಟ್ಟರು. ಅನ್ನ, ತೊವ್ವೆ, ಒಂದಿಷ್ಟು ಪಾಯಸ ಮಾಡಿ ದೇವರಿಗೆ ನೈವೇದ್ಯವಿಟ್ಟು, ಮೂರು ಎಲೆಗಳನ್ನು ಒಂದೇ ಸಾಲಿನಲ್ಲಿ ಹಾಕಿದೆ. ಜಯ ತನ್ನ ಎಲೆಯನ್ನು ಸ್ವಲ್ಪ ಆಚೆ ಎಳೆದುಕೊಳ್ಳಲು ಹೊರಟ. "ಅಲ್ಲಿ ಸೆಗಣಿ ಸಾರಿಸಿದ್ದು ಒಣಗಿಲ್ಲ, ಇಲ್ಲೇ ಕೂತುಕೋ" ಎಂದೆ. ಅವನು ನೆಲ ಮುಟ್ಟಿ ನೋಡಿದ; ಒಣಗಿಯೇ ಇತ್ತು. ಎಲೆಯನ್ನು ಹಿಂದಕ್ಕೆ ತಂದು ನನ್ನ ಪಕ್ಕ ಕುಳಿತ. ಪಾಯಸವನ್ನು ಎರಡು ಸಲ ಬಡಿಸಿಕೊಂಡ.

ಮನೆಗೆ ಬಂದು ಜಾನಕಿಗೆ ಎಲ್ಲವನ್ನೂ ಹೇಳಿದೆ. ಐವತ್ತೆಂಟು ವರ್ಷಗಳ ಎಣಿಕೆ ತಪ್ಪಿತೆಂದಾಗ ಸ್ವರ ಒಂದಿಷ್ಟು ಭಾರವಾಗಿದ್ದಿರಬೇಕು. "ಎಣಿಸಲಿಕ್ಕೆ ಅಂತಲೇ ಚಿತ್ರಗುಪ್ತ ಇದ್ದಾನೆ. ನೀವೇಕೆ ಅವನ ಕೆಲಸ ಮಾಡುವುದು?" ಎಂದು ಅವಳು ಒಳಗೆ ಹೋದಳು. ಅಂದಿನಿಂದ ಎಣಿಸುವುದನ್ನು ಬಿಟ್ಟಿದ್ದೇನೆ. ಏಕಾದಶಿ ಇದೆ, ನಡುಹಗಲಿಗೆ ಒಂದು ಲೋಟ ನೀರೂ ಇದೆ. ಉಪವಾಸ ಮೊದಲಿಗಿಂತ ಹಗುರವಾಗಿದೆ. ನೀರಿನಿಂದಲ್ಲ, ಎಣಿಕೆಯ ಹೊರೆ ಇಳಿದದ್ದರಿಂದ.

ಜಯನ ಕೈ ಈ ವರ್ಷ ಒಂದಿಷ್ಟು ಹೆಚ್ಚು ನಡುಗುತ್ತದೆ. ಕಾಲು ಇನ್ನೂ ಅವನ ಮಾತು ಕೇಳುತ್ತದೆ. ವೈದ್ಯೆಗೆ ಬೆಟ್ಟದ ಫೋಟೋ ತೋರಿಸಿದಾಗ ಅವಳು ಕುರ್ಚಿಯಿಂದ ಎದ್ದು ಅವನ ಕೈ ಕುಲುಕಿದಳಂತೆ. "ಕುಲುಕುವುದು ಬೇಡ ಡಾಕ್ಟ್ರೆ, ಅದು ತಾನಾಗಿಯೇ ಕುಲುಕುತ್ತದೆ" ಎಂದನಂತೆ ಇವನು.

ಇಷ್ಟು ಬರೆಯುವಷ್ಟರಲ್ಲಿ ಅವನದೇ ಫೋನು ಬಂತು.

"ಭಟ್ರೆ, ಬುಧವಾರ ನನ್ನ ತಮ್ಮನ ಮಗನ ದೋಣಿ ನೀರಿಗೆ ಇಳಿಯುತ್ತದೆ. ಮೀನಿಗಲ್ಲ, ಎಂಜಿನು ನೋಡಲಿಕ್ಕೆ. ಮಳೆ ಬಿಟ್ಟ ಮೇಲೆ ಬೆಟ್ಟ ಸರೀ ಕಾಣುತ್ತದೆ. ನಾವು ಅದರ ಮೇಲಿಂದ ಕಡಲು ನೋಡಿದ್ದಾಯಿತು. ಕಡಲಿನ ಮೇಲಿಂದ ಅದನ್ನು ನೀವು ನೋಡಿದ್ದೀರಾ?"

ನೋಡಿರಲಿಲ್ಲ. ಎಪ್ಪತ್ತು ವರ್ಷ ಕಡಲಿನ ಬದಿಯಲ್ಲಿ ಬದುಕಿಯೂ ಮೊಣಕಾಲಿನ ಆಚೆಗೆ ಅದನ್ನು ಬರಗೊಟ್ಟವನಲ್ಲ. ನಮ್ಮ ಹಿರಿಯರಿಗೆ ಸಮುದ್ರಯಾನ ನಿಷಿದ್ಧ. ದಡದಿಂದ ಎಷ್ಟು ದೂರ ಹೋದರೆ ಅದು ಯಾನವಾಗುತ್ತದೆ, ಎಷ್ಟರೊಳಗೆ ಆಗುವುದಿಲ್ಲ ಎಂಬ ವಿಷಯದಲ್ಲಿ ನಾನು ಒಂದು ಗಂಟೆ ಉಪನ್ಯಾಸ ಕೊಡಬಲ್ಲೆ.

"ಕೈ ಹೇಗುಂಟು?" ಎಂದೆ.

"ನಡುಗುತ್ತದೆ. ದೋಣಿಯೂ ನಡುಗುತ್ತದೆ. ಎರಡೂ ಸೇರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಪೈ ಬರುತ್ತಾನಂತೆ, ವಾಂತಿ ಆಗದ ಮಾತ್ರೆ ಹುಡುಕುತ್ತಿದ್ದಾನೆ. ನೀವು?"

"ಎಷ್ಟು ಗಂಟೆಗೆ ದಂಡೆಯಲ್ಲಿರಬೇಕು, ಅದೊಂದನ್ನು ಹೇಳು" ಎಂದೆ.